ಪಾಠವೂ ಹೊಸದು, ಅಳತೆಗೋಲೂ ಹೊಸದು

ನಿಮ್ಮ ಮನೆಯಲ್ಲಿ ಮೂರನೇ ನಾಲ್ಕನೇ ತರಗತಿಯ ಮಗು ಇದ್ದರೆ ಈ ಜಗಳ ಒಂದಲ್ಲ ಒಂದು ಸಂಜೆ ನಡೆದೇ ಇರುತ್ತದೆ. ಹೋಮ್‌ವರ್ಕ್‌ನಲ್ಲಿ 302ರಿಂದ 178 ಕಳೆಯಬೇಕು. ನೀವು ಪೆನ್ಸಿಲ್ ಕಿತ್ತುಕೊಂಡು ಒಂದರ ಕೆಳಗೊಂದು ಬರೆದು, ಪಕ್ಕದ ಮನೆಯಿಂದ ಸಾಲ ತಂದು, ಅರ್ಧ ನಿಮಿಷದಲ್ಲಿ 124 ಅಂತ ಬರೆದುಬಿಡುತ್ತೀರಿ. ಮಗು ಅಳುಮುಖ ಮಾಡಿಕೊಂಡು "ಹಾಗಲ್ಲಮ್ಮಾ, ಟೀಚರ್ ಹೇಳಿಕೊಟ್ಟಿದ್ದು ಹೀಗಲ್ಲ" ಅನ್ನುತ್ತದೆ. ಆಮೇಲೆ ಅದು ಉದ್ದಕ್ಕೆ ಒಂದು ಗೆರೆ ಎಳೆಯುತ್ತದೆ. 178ರಿಂದ 180ಕ್ಕೆ 2 ಹೆಜ್ಜೆ, 180ರಿಂದ 200ಕ್ಕೆ 20, 200ರಿಂದ 302ಕ್ಕೆ 102. ಎಲ್ಲ ಕೂಡಿದರೆ 124.

ಇದು ಹೊಸ ಲೆಕ್ಕವೇನಲ್ಲ. ಅಂಗಡಿಯವರು ಚಿಲ್ಲರೆ ವಾಪಸ್ ಎಣಿಸುವುದು ಹೀಗೇ ಅಲ್ವಾ? ಆದರೂ ಅಮೆರಿಕದ ಪಬ್ಲಿಕ್ ಸ್ಕೂಲುಗಳಲ್ಲಿ, ಅಂದರೆ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ, ಮಕ್ಕಳನ್ನು ಓದಿಸುವ ನಮ್ಮಂಥವರಿಗೆ ಈ ಗೆರೆಯೇ 'ಕಾಮನ್ ಕೋರ್' ಅನ್ನುವುದರ ಗುರುತಾಗಿಬಿಟ್ಟಿತು. ಗಣಿತ ಮತ್ತು ಇಂಗ್ಲಿಷಿನಲ್ಲಿ ಯಾವ ತರಗತಿಯ ಮಗುವಿಗೆ ಏನೇನು ಬರಬೇಕು ಅಂತ ಬಹಳಷ್ಟು ರಾಜ್ಯಗಳು ಒಪ್ಪಿಕೊಂಡ ಮಾನದಂಡ ಅದು. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಆ ಗೆರೆಯ ಆಚೆ ಬದಿಯ ಕಥೆ. ಅದನ್ನು ಕಲಿಸುತ್ತಿದ್ದ ಟೀಚರ್‌ಗೆ ಅದೇ ವರ್ಷಗಳಲ್ಲಿ ಏನಾಗುತ್ತಿತ್ತು ಅನ್ನುವುದು. ನಾನು ನ್ಯೂಯಾರ್ಕ್ ರಾಜ್ಯದ ಒಂದು ಪಬ್ಲಿಕ್ ಸ್ಕೂಲಿನಲ್ಲಿ ನಾಲ್ಕನೇ ತರಗತಿಗೆ ಪಾಠ ಮಾಡಿದವಳು. 2010ರಿಂದ ಮುಂದಿನ ಐದಾರು ವರ್ಷ ನಮ್ಮ ಮೇಲೆ ಎರಡು ಬದಲಾವಣೆಗಳು ಒಟ್ಟಿಗೇ ಬಂದವು. ಏನು ಕಲಿಸಬೇಕು ಅನ್ನುವುದು ಬದಲಾಯಿತು. ಕಲಿಸುವವರನ್ನು ಹೇಗೆ ಅಳೆಯಬೇಕು ಅನ್ನುವುದೂ ಬದಲಾಯಿತು. ಎರಡೂ ಬೇಕಾಗಿದ್ದವು, ಇದನ್ನು ನಾನು ಮನಸಾರೆ ಹೇಳುತ್ತೇನೆ. ಎರಡನ್ನೂ ಒಂದೇ ಹೊತ್ತಿಗೆ, ಒಂದರ ಕುತ್ತಿಗೆಗೆ ಇನ್ನೊಂದನ್ನು ಕಟ್ಟಿ ತಂದದ್ದು ತಪ್ಪಾಯಿತು.

ಮೊದಲು ಅಳೆಯುವ ವಿಷಯ. ಹಳೆಯ ಪದ್ಧತಿ ಹೇಗಿತ್ತು ಗೊತ್ತಾ? ವರ್ಷಕ್ಕೊಂದು ಸಲ ಪ್ರಿನ್ಸಿಪಾಲ್ ಬಂದು ತರಗತಿಯ ಹಿಂದೆ ಒಂದು ಚಿಕ್ಕ ಕುರ್ಚಿಯಲ್ಲಿ ಕೂರುತ್ತಿದ್ದರು. ಯಾವ ದಿನ ಬರುತ್ತಾರೆ ಅಂತ ನನಗೆ ಮೊದಲೇ ಗೊತ್ತು, ಮಕ್ಕಳಿಗೂ ಗೊತ್ತು. ಆ ದಿನಕ್ಕೆ ಅಂತ ಒಂದು ಪಾಠ ಇರುತ್ತಿತ್ತು, ನಾಲ್ಕಾರು ವರ್ಷ ಮಾಡಿ ಪಳಗಿದ ಪಾಠ, ಎಲ್ಲೂ ಎಡವುವ ಭಯ ಇಲ್ಲದ್ದು. ನಲವತ್ತು ನಿಮಿಷ ಆದ ಮೇಲೆ ಒಂದು ಹಾಳೆಯಲ್ಲಿ 'ತೃಪ್ತಿಕರ' ಅನ್ನುವ ಚೌಕಕ್ಕೆ ಗುರುತು ಬೀಳುತ್ತಿತ್ತು. ನನ್ನ ಪಕ್ಕದ ಕೋಣೆಯಲ್ಲಿ ಮಕ್ಕಳನ್ನು ಕಣ್ಣೆತ್ತಿ ನೋಡದೆ ವರ್ಷಗಟ್ಟಲೆ ವರ್ಕ್‌ಶೀಟ್ ಹಂಚಿದವರಿಗೂ ಅದೇ ಗುರುತು. ಕಾರಿಡಾರಿನ ಕೊನೆಯಲ್ಲಿ, ಓದಲು ಬಾರದ ಮಕ್ಕಳನ್ನು ಜೂನ್ ಹೊತ್ತಿಗೆ ಓದುವ ಹಾಗೆ ಮಾಡುತ್ತಿದ್ದ ಹಿರಿಯರಿಗೂ ಅದೇ. ಆಕೆಗೆ ಅದರಿಂದ ಬೇಸರವಿತ್ತು. "ನಾನು ಏನು ಮಾಡುತ್ತೇನೆ ಅಂತ ಒಬ್ಬರಾದರೂ ನೋಡಲಿಲ್ಲ" ಅಂತ ಒಮ್ಮೆ ನನ್ನ ಹತ್ತಿರ ಹೇಳಿಕೊಂಡಿದ್ದರು.

ಇದು ನಮ್ಮ ಸ್ಕೂಲಿನ ಕಥೆ ಮಾತ್ರ ಅಲ್ಲ. 2009ರಲ್ಲಿ 'ದಿ ನ್ಯೂ ಟೀಚರ್ ಪ್ರಾಜೆಕ್ಟ್' ಅನ್ನುವ ಸಂಸ್ಥೆ ನಾಲ್ಕು ರಾಜ್ಯಗಳ 12 ಸ್ಕೂಲ್ ಡಿಸ್ಟ್ರಿಕ್ಟ್‌ಗಳ (ಒಂದು ಪ್ರದೇಶದ ಪಬ್ಲಿಕ್ ಸ್ಕೂಲುಗಳನ್ನು ನಡೆಸುವ ಸ್ಥಳೀಯ ಆಡಳಿತ) ದಾಖಲೆ ತೆಗೆದು ನೋಡಿತು. ಟೀಚರ್‌ಗಳಲ್ಲಿ 'ಚೆನ್ನಾಗಿಲ್ಲ' ಅನ್ನಿಸಿಕೊಂಡವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ನನಗೆ ಅದಕ್ಕಿಂತ ಜಾಸ್ತಿ ನಾಟಿದ್ದು ಇನ್ನೊಂದು ಅಂಶ. ನಾಲ್ವರಲ್ಲಿ ಸುಮಾರು ಮೂವರಿಗೆ, ಇಲ್ಲಿ ನೀನು ಸುಧಾರಿಸಿಕೊಳ್ಳಬಹುದು ಅಂತ ಒಂದು ಮಾತನ್ನೂ ಆ ಮೌಲ್ಯಮಾಪನ ಹೇಳಿರಲಿಲ್ಲ. ಕೆಟ್ಟವರನ್ನು ಹಿಡಿಯಲಿಲ್ಲ ಅನ್ನುವುದು ಒಂದು ಕಡೆ ಇರಲಿ, ಒಳ್ಳೆಯವರಾಗಬೇಕು ಅಂತ ಇದ್ದವರಿಗೂ ಅದು ಏನೂ ಕೊಡಲಿಲ್ಲ.

ಅದೇ ಹೊತ್ತಿಗೆ ಅರ್ಥಶಾಸ್ತ್ರಜ್ಞರು ಇನ್ನೊಂದು ಕಡೆಯಿಂದ ಬಂದರು. ರಾಜ್ ಚೆಟ್ಟಿ, ಜಾನ್ ಫ್ರೀಡ್‌ಮನ್, ಜೋನಾ ರಾಕಾಫ್ ಅನ್ನುವ ಮೂವರು ಸುಮಾರು 25 ಲಕ್ಷ ಮಕ್ಕಳ ಶಾಲಾ ಅಂಕಗಳನ್ನೂ ಅವರು ದೊಡ್ಡವರಾದ ಮೇಲಿನ ತೆರಿಗೆ ದಾಖಲೆಗಳನ್ನೂ ಜೋಡಿಸಿ ನೋಡಿದರು. ಮಕ್ಕಳ ಅಂಕ ಚೆನ್ನಾಗಿ ಏರಿಸುವ ಟೀಚರ್ ಕೈಯಲ್ಲಿ ಒಂದು ವರ್ಷ ಕಲಿತವರು ಮುಂದೆ ಕಾಲೇಜಿಗೆ ಹೋಗುವುದೂ ಜಾಸ್ತಿ, ಸಂಪಾದಿಸುವುದೂ ಸ್ವಲ್ಪ ಜಾಸ್ತಿ ಅಂತ ಕಂಡುಬಂತು. ಇದನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಟೀಚರ್ ಮುಖ್ಯ ಅಂತ ನಾವೇ ಹೇಳಿಕೊಂಡು ಬಂದಿದ್ದೇವೆ, ಅದಕ್ಕೆ ಲೆಕ್ಕದ ಪುರಾವೆ ಸಿಕ್ಕಾಗ ನಮಗೇ ಬೇಡ ಅನ್ನಲು ಆಗುತ್ತದಾ?

ಇನ್ನು ದುಡ್ಡಿನ ಮಾತು. 2009ರಲ್ಲಿ ಒಬಾಮಾ ಸರ್ಕಾರ 'ರೇಸ್ ಟು ದಿ ಟಾಪ್' ಅನ್ನುವ ಸ್ಪರ್ಧೆ ಘೋಷಿಸಿತು. ಶಿಕ್ಷಣ ಸುಧಾರಣೆಗೆ ರಾಜ್ಯಗಳು ಅರ್ಜಿ ಹಾಕಿ ಗೆಲ್ಲಬೇಕಾದ ಅನುದಾನ ಅದು, ಒಟ್ಟು 435 ಕೋಟಿ ಡಾಲರ್. ಆಗ ಆರ್ಥಿಕ ಕುಸಿತದ ಕಾಲ, ರಾಜ್ಯಗಳ ಬೊಕ್ಕಸ ಖಾಲಿ, ಡಿಸ್ಟ್ರಿಕ್ಟ್‌ಗಳು ಟೀಚರ್‌ಗಳನ್ನು ಮನೆಗೆ ಕಳಿಸುತ್ತಿದ್ದವು. ಅರ್ಜಿಗೆ 500 ಅಂಕ. ಅದರಲ್ಲಿ ಟೀಚರ್ ಮತ್ತು ಪ್ರಿನ್ಸಿಪಾಲ್‌ಗಳ ವಿಷಯಕ್ಕೆ 138 ಅಂಕ, ಮಕ್ಕಳ ಕಲಿಕೆಯ ಬೆಳವಣಿಗೆಯನ್ನು ಟೀಚರ್ ಮೌಲ್ಯಮಾಪನಕ್ಕೆ ಜೋಡಿಸುವುದು ಅದರ ದೊಡ್ಡ ಭಾಗ. ಹೊಸ ಮಾನದಂಡ ಮತ್ತು ಹೊಸ ಪರೀಕ್ಷೆಗಳಿಗೆ 70. ಕಾಮನ್ ಕೋರ್ ಅಂತಿಮ ರೂಪದಲ್ಲಿ ಹೊರಬಂದದ್ದು 2010ರ ಜೂನ್‌ನಲ್ಲಿ. ಆ ಬೇಸಿಗೆ ಮುಗಿಯುವ ಹೊತ್ತಿಗೆ ಬಹಳಷ್ಟು ರಾಜ್ಯಗಳು ಅದಕ್ಕೆ ಸಹಿ ಹಾಕಿದ್ದವು, ಕೊನೆಗೆ 40ಕ್ಕೂ ಹೆಚ್ಚು ರಾಜ್ಯಗಳಾದವು. ನ್ಯೂಯಾರ್ಕ್‌ಗೆ ಎರಡನೇ ಸುತ್ತಿನಲ್ಲಿ ಸುಮಾರು 70 ಕೋಟಿ ಡಾಲರ್ ಬಂತು. ಹೀಗೆ ಒಂದೇ ಅರ್ಜಿಯಲ್ಲಿ, ಒಂದೇ ಗಡುವಿನಲ್ಲಿ, ಎರಡೂ ಬಂದವು. ಯಾವುದು ಮೊದಲು, ಯಾವುದು ಆಮೇಲೆ ಅಂತ ಯಾರೂ ಕೂತು ಯೋಚಿಸಿದ ಹಾಗೆ ನನಗೆ ಕಾಣಲಿಲ್ಲ.

ಈಗ ಮಾನದಂಡದ ಹತ್ತಿರ ಹೋಗೋಣ, ಯಾಕೆಂದರೆ ಅದರ ಬಗ್ಗೆ ಮಾತಾಡುವವರಲ್ಲಿ ಅದನ್ನು ಓದಿದವರು ಕಡಿಮೆ. ನೀವು ಬೈದುಕೊಂಡ ಆ ಗೆರೆಯ ಕಳೆಯುವ ಲೆಕ್ಕವನ್ನೇ ತಗೊಳ್ಳಿ. ಒಂದರ ಕೆಳಗೊಂದು ಬರೆದು ಕಳೆಯುವುದನ್ನು ಕಾಮನ್ ಕೋರ್ ಬಿಟ್ಟಿಲ್ಲ, ನಾಲ್ಕನೇ ತರಗತಿಯಲ್ಲಿ ಅದು ಸಲೀಸಾಗಿ ಬರಲೇಬೇಕು ಅಂತ ಬರೆದಿದೆ. ಮೂರನೇ ತರಗತಿ ಮುಗಿಯುವಷ್ಟರಲ್ಲಿ ಮಗ್ಗಿ ಬಾಯಿಗೆ ಬರಬೇಕು ಅಂತಲೂ ಇದೆ. ಆದರೆ ಅದಕ್ಕೆ ಮೊದಲು, ಸಂಖ್ಯೆ ಅಂದರೆ ಏನು, ಅದನ್ನು ಹೇಗೆ ಒಡೆದು ಜೋಡಿಸಬಹುದು ಅನ್ನುವುದು ಮಗುವಿಗೆ ಕಾಣಬೇಕು ಅನ್ನುತ್ತದೆ. ಓದಿನಲ್ಲೂ ಅಷ್ಟೇ. "ಈ ಕಥೆ ಓದಿ ನಿನಗೆ ಏನನ್ನಿಸಿತು" ಅನ್ನುವುದರ ಜೊತೆಗೆ, "ಹಾಗನ್ನಿಸಲು ಈ ಪುಟದಲ್ಲಿ ಯಾವ ಸಾಲು ಕಾರಣ, ತೋರಿಸು" ಅಂತ ಕೇಳುತ್ತದೆ. ನನಗೆ ಇದು ಇಷ್ಟವಾಯಿತು. ಈಗಲೂ ಇಷ್ಟ.

ಕಷ್ಟ ಇದ್ದದ್ದು ಬೇರೆ ಕಡೆ. ಭಿನ್ನರಾಶಿ ಉದಾಹರಣೆ ಕೊಡುತ್ತೇನೆ. ಹಳೆಯ ಕ್ರಮದಲ್ಲಿ ನಾವು ಭಿನ್ನರಾಶಿಯನ್ನು ಪಿಜ್ಜಾ ಚಿತ್ರದಲ್ಲಿ ಕಲಿಸುತ್ತಿದ್ದೆವು. ಎಂಟು ತುಂಡಿನಲ್ಲಿ ಮೂರಕ್ಕೆ ಬಣ್ಣ ಹಾಕು, ಅದು ಎಂಟನೇ ಮೂರು. ಮಗು ತುಂಡು ಎಣಿಸಿ ಉತ್ತರ ಬರೆಯುತ್ತದೆ, ಸರಿಯಾಗಿರುತ್ತದೆ, ಆದರೆ ಎಂಟನೇ ಮೂರು ಅನ್ನುವುದೂ ಐದು, ಒಂಬತ್ತು ಇದ್ದ ಹಾಗೆ ಒಂದು ಸಂಖ್ಯೆ ಅಂತ ಅದಕ್ಕೆ ಅನ್ನಿಸಿರುವುದಿಲ್ಲ. ಹೊಸ ಮಾನದಂಡ ಮೂರನೇ ತರಗತಿಯಲ್ಲೇ ಭಿನ್ನರಾಶಿಯನ್ನು ಸಂಖ್ಯಾರೇಖೆಯ ಮೇಲೆ ತಂದು ಕೂರಿಸಿತು. ಸೊನ್ನೆಗೂ ಒಂದಕ್ಕೂ ನಡುವೆ ಅದರ ಜಾಗ ಎಲ್ಲಿ, ತೋರಿಸು. ನಾಲ್ಕನೇ ತರಗತಿಯಲ್ಲಿ ಅದರ ಮೇಲೆ ಕಟ್ಟುತ್ತಾ ಹೋಗಬೇಕು. ನಾಲ್ಕನೇ ಮೂರು ದೊಡ್ಡದೋ ಎಂಟನೇ ಐದು ದೊಡ್ಡದೋ, ಯಾಕೆ?

ಮಾನದಂಡ ಬರೆದವರ ಲೆಕ್ಕ ಮೆಟ್ಟಿಲು ಮೆಟ್ಟಿಲಾಗಿ ಚೆನ್ನಾಗೇ ಇತ್ತು. ಆದರೆ 2012ರ ಸೆಪ್ಟೆಂಬರ್‌ನಲ್ಲಿ ನನ್ನ ನಾಲ್ಕನೇ ತರಗತಿಗೆ ಬಂದ ಮಕ್ಕಳು ಮೂರನೇ ತರಗತಿಯನ್ನು ಹಳೆಯ ಕ್ರಮದಲ್ಲೇ ಓದಿ ಬಂದವರು. ಅವರ ಕೈಯಲ್ಲಿ ಪಿಜ್ಜಾ ಇತ್ತು, ರೇಖೆ ಇರಲಿಲ್ಲ. ಮೊದಲ ಮೆಟ್ಟಿಲು ಕಟ್ಟದೆ ಎಲ್ಲ ತರಗತಿಯವರನ್ನೂ ಒಂದೇ ದಿನ ತಂತಮ್ಮ ಎತ್ತರಕ್ಕೆ ನಿಲ್ಲಿಸಿದ ಹಾಗಾಯಿತು. ಹೊಸ ಪಾಠಗಳ ಮಾಡ್ಯೂಲ್‌ಗಳನ್ನು ರಾಜ್ಯ ತನ್ನ ವೆಬ್‌ಸೈಟಿನಲ್ಲಿ ಒಂದೊಂದಾಗಿ ಹಾಕುತ್ತಿತ್ತು. ನಾವು ಇವತ್ತು ರಾತ್ರಿ ಓದಿ ನಾಳೆ ಬೆಳಿಗ್ಗೆ ಕಲಿಸುತ್ತಿದ್ದೆವು.

ಮತ್ತು ಅದೇ ವರ್ಷ, 2012–13, ನ್ಯೂಯಾರ್ಕ್ ನಗರದ ಹೊರಗಿನ ಡಿಸ್ಟ್ರಿಕ್ಟ್‌ಗಳಲ್ಲಿ ಹೊಸ ಮೌಲ್ಯಮಾಪನ ಎಲ್ಲ ಟೀಚರ್‌ಗಳಿಗೂ ಅನ್ವಯ ಆಯಿತು. ನೂರು ಅಂಕದಲ್ಲಿ 20 ರಾಜ್ಯದ ಪರೀಕ್ಷೆಯಿಂದ, 20 ಸ್ಥಳೀಯ ಪರೀಕ್ಷೆಗಳಿಂದ, 60 ತರಗತಿ ವೀಕ್ಷಣೆ ಮುಂತಾದವುಗಳಿಂದ. ಕೊನೆಗೆ ನಾಲ್ಕು ದರ್ಜೆಗಳಲ್ಲಿ ಒಂದು. 2013ರ ಏಪ್ರಿಲ್‌ನಲ್ಲಿ ಕಾಮನ್ ಕೋರ್ ಆಧಾರದ ಮೊದಲ ರಾಜ್ಯ ಪರೀಕ್ಷೆ ನಡೆಯಿತು. ಫಲಿತಾಂಶ ಬಂತು. ಹಿಂದಿನ ವರ್ಷ ಇಂಗ್ಲಿಷಿನಲ್ಲಿ ನೂರಕ್ಕೆ 55, ಗಣಿತದಲ್ಲಿ 65 ಮಕ್ಕಳು ಪಾಸಾಗಿದ್ದ ರಾಜ್ಯದಲ್ಲಿ ಎರಡರಲ್ಲೂ 31ಕ್ಕೆ ಇಳಿದಿತ್ತು. ಮಕ್ಕಳು ಒಂದು ವರ್ಷದಲ್ಲಿ ದಡ್ಡರಾಗಿರಲಿಲ್ಲ, ಪಾಸಾಗುವ ಗೆರೆ ಮೇಲೇರಿತ್ತು ಅಷ್ಟೇ. ಅದು ಆಗುತ್ತದೆ ಅಂತ ರಾಜ್ಯದವರು ಮೊದಲೇ ಹೇಳಿದ್ದರು ಕೂಡ. ಆದರೆ ಆಗಸ್ಟ್‌ನಲ್ಲಿ ಮನೆಗೆ ಬಂದ ಕಾಗದದಲ್ಲಿ ಮಗುವಿನ ಹೆಸರಿನ ಮುಂದೆ ನಾಲ್ಕರಲ್ಲಿ ಒಂದೋ ಎರಡೋ ನೋಡಿದ ತಾಯಿತಂದೆಗೆ ಈ ವಿವರಣೆ ಎಲ್ಲಿ ನೆನಪಿರುತ್ತದೆ?

ರಾಜ್ಯದ ಪರೀಕ್ಷೆಯಿಂದ ಬರುವ ಆ 20 ಅಂಕವನ್ನು ಹೇಗೆ ಕೊಡುತ್ತಿದ್ದರು ಅಂತ ನಿಮಗೆ ಹೇಳಬೇಕು. ಎಲ್ಲ ಜಗಳದ ಬೇರು ಅಲ್ಲಿದೆ. ರಾಜ್ಯದಿಂದ ರಾಜ್ಯಕ್ಕೆ ಸೂತ್ರ ಬೇರೆ, ಒಳಗಿನ ಯೋಚನೆ ಮಾತ್ರ ಒಂದೇ. ಮಕ್ಕಳ ಅಂಕವನ್ನು ನೇರವಾಗಿ ಟೀಚರ್ ತಲೆಗೆ ಕಟ್ಟಿದರೆ ಅನ್ಯಾಯ, ಯಾಕೆಂದರೆ ಬಡವರ ಬೀದಿಯ ಸ್ಕೂಲಿನಲ್ಲಿ ಇರುವವರು ಯಾವಾಗಲೂ ಕೆಳಗೇ ಉಳಿಯುತ್ತಾರೆ. ಅದಕ್ಕೆ, ಒಂದು ಮಗು ಹೋದ ವರ್ಷ ಎಷ್ಟು ಅಂಕ ತೆಗೆದಿತ್ತು, ರಾಜ್ಯದಲ್ಲಿ ಅಷ್ಟೇ ಅಂಕ ತೆಗೆದ ಅದೇ ಥರದ ಬೇರೆ ಮಕ್ಕಳು ಈ ವರ್ಷ ಎಷ್ಟು ತೆಗೆದರು ಅಂತ ನೋಡುತ್ತಿದ್ದರು. ಅವರಿಗಿಂತ ಈ ಮಗು ಮುಂದೆ ಹೋಗಿದ್ದರೆ ಟೀಚರ್‌ಗೆ ಒಳ್ಳೆಯದು, ಹಿಂದೆ ಬಿದ್ದಿದ್ದರೆ ಕೆಟ್ಟದ್ದು. ತರಗತಿಯ ಎಲ್ಲ ಮಕ್ಕಳದ್ದೂ ಸೇರಿಸಿ ಒಂದು ಸಂಖ್ಯೆ. ಕೇಳಲು ನ್ಯಾಯವಾಗಿದೆ, ಅಲ್ವಾ? ನನಗೂ ಮೊದಲು ಹಾಗೇ ಅನ್ನಿಸಿತ್ತು.

ಈಗ ಒಂದು ತರಗತಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. 22 ಮಕ್ಕಳು. ಒಂದು ಹುಡುಗಿಗೆ ಪರೀಕ್ಷೆಯ ವಾರ ಜ್ವರ. ಒಬ್ಬ ಹುಡುಗ ಜನವರಿಯಲ್ಲಿ ಬೇರೆ ಊರಿನಿಂದ ಬಂದವನು. ಇಬ್ಬರ ಮನೆಯಲ್ಲಿ ಆ ವರ್ಷ ಅಪ್ಪ ಅಮ್ಮ ಬೇರೆಯಾದರು. ಹತ್ತು ಸಾವಿರ ಮಕ್ಕಳಿದ್ದರೆ ಇವೆಲ್ಲ ಒಂದಕ್ಕೊಂದು ಸರಿದೂಗಿಹೋಗುತ್ತವೆ. 22 ಮಕ್ಕಳಲ್ಲಿ ಹೋಗುವುದಿಲ್ಲ. ಇದರ ಮೇಲೆ 2013ರಲ್ಲಿ 'ಹೋದ ವರ್ಷದ ಅಂಕ' ಅಂದರೆ ಹಳೆಯ ಮಾನದಂಡದ ಹಳೆಯ ಪರೀಕ್ಷೆಯ ಅಂಕ, 'ಈ ವರ್ಷದ್ದು' ಹೊಸದರದ್ದು. ಎಲ್ಲ ಮಕ್ಕಳಿಗೂ ಅದೇ ಪರೀಕ್ಷೆ ಆದ್ದರಿಂದ ಹೋಲಿಕೆ ಸರಿ ಅಂತ ಸೂತ್ರ ಬಲ್ಲವರು ಹೇಳಿದರು. ಆದರೆ ಹೊಸ ಪುಸ್ತಕ ಮೊದಲೇ ಕೈಗೆ ಬಂದ ಡಿಸ್ಟ್ರಿಕ್ಟ್‌ನವರೂ ವರ್ಷದ ನಡುವೆ ಬಂದವರೂ ಒಂದೇ ಸಾಲಿನಲ್ಲಿ ನಿಂತಿದ್ದರು. ಅದು ಟೀಚರ್‌ನ ಗುಣವೋ ಪುಸ್ತಕದ ಲಾರಿ ಬಂದ ದಿನಾಂಕವೋ ಅಂತ ಸೂತ್ರಕ್ಕೆ ಹೇಗೆ ಗೊತ್ತಾಗಬೇಕು?

ನನ್ನ ಸ್ವಂತ ಅಂಕ ಒಂದು ವರ್ಷ 20ಕ್ಕೆ 9, ಮರುವರ್ಷ 16. ಒಂಬತ್ತು ಬಂದ ವರ್ಷ ನಾನು ರಾತ್ರಿ ಹನ್ನೊಂದರವರೆಗೆ ಕೂತು ತಯಾರಿ ಮಾಡಿದ್ದೆ. ಹದಿನಾರು ಬಂದ ವರ್ಷ ನನ್ನ ತಾಯಿಗೆ ಹುಷಾರಿಲ್ಲದೆ ನಾನು ಎರಡು ವಾರ ರಜೆ ಹಾಕಿ, ಉಳಿದ ದಿನಗಳನ್ನೂ ಅರ್ಧ ಮನಸ್ಸಿನಲ್ಲಿ ಕಳೆದಿದ್ದೆ. ಆ ಎರಡು ಸಂಖ್ಯೆಗಳಿಂದ ನಾನು ಏನು ಕಲಿಯಬೇಕಿತ್ತು ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ಲಾಂಗ್ ಐಲೆಂಡಿನ ಗ್ರೇಟ್ ನೆಕ್‌ನಲ್ಲಿ ನಾಲ್ಕನೇ ತರಗತಿಯ ಒಬ್ಬ ಶಿಕ್ಷಕಿಗೆ ಇದಕ್ಕಿಂತ ಕೆಟ್ಟದ್ದಾಯಿತು. ಆಕೆಗೆ ಒಂದು ವರ್ಷ 20ಕ್ಕೆ 14 ಬಂದಿತ್ತು. ಮರುವರ್ಷ 1. ಎರಡೂ ವರ್ಷ ಆಕೆಯ ಮಕ್ಕಳು ಹೆಚ್ಚುಕಡಿಮೆ ಒಂದೇ ರೀತಿ ಪಾಸಾಗಿದ್ದರು, ಅದೂ ರಾಜ್ಯದ ಸರಾಸರಿಗಿಂತ ಎಷ್ಟೋ ಮೇಲೆ. ಆಗಲೇ ಮೇಲಿರುವ ಮಕ್ಕಳು ಇನ್ನೂ ಮೇಲೆ ಹೋಗಲು ಪರೀಕ್ಷೆಯಲ್ಲಿ ಜಾಗವೇ ಕಡಿಮೆ. ಒಂದೆರಡು ಪ್ರಶ್ನೆ ತಪ್ಪಿದರೂ ಸೂತ್ರಕ್ಕೆ ಅದು ಇಳಿತದ ಹಾಗೆ ಕಾಣುತ್ತದೆ. ಆಕೆ ರಾಜ್ಯದ ಮೇಲೆ ಕೇಸು ಹಾಕಿದರು, ವಕೀಲರಾದ ಗಂಡನೇ ವಾದಿಸಿದರು. 2016ರ ಮೇ ತಿಂಗಳಲ್ಲಿ ನ್ಯಾಯಾಧೀಶರು ಆ ಒಂದು ಅಂಕಕ್ಕೆ ಆಧಾರವಿಲ್ಲ, ಅದು ಮನಸ್ಸಿಗೆ ಬಂದ ಹಾಗೆ ಕೊಟ್ಟದ್ದಕ್ಕೆ ಸಮ ಅಂತ ಹೇಳಿ ರದ್ದು ಮಾಡಿದರು. ಆ ದಿನ ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ಕುಣಿಯಲಿಲ್ಲ. ಒಬ್ಬರು ಮಾತ್ರ ಸುಮ್ಮನೆ ಕೂತು ಅತ್ತರು.

ಗಣಿತ, ಇಂಗ್ಲಿಷ್ ಕಲಿಸುವ ನಮ್ಮ ಪಾಡು ಇದಾದರೆ, ಮಿಕ್ಕವರದ್ದು? ಪ್ರತಿ ವರ್ಷ ರಾಜ್ಯದ ಪರೀಕ್ಷೆ ಇರುವುದು ಮೂರರಿಂದ ಎಂಟನೇ ತರಗತಿಯವರೆಗೆ, ಆ ಎರಡು ವಿಷಯಗಳಿಗೆ. ಸಂಗೀತದವರು, ಚಿತ್ರಕಲೆಯವರು, ಪಿ.ಇ. (ಆಟ, ವ್ಯಾಯಾಮ) ಕಲಿಸುವವರು, ಕಿಂಡರ್‌ಗಾರ್ಟನ್‌ನವರು, ಇವರಿಗೆ ಯಾವ ಅಂಕ? ಫ್ಲಾರಿಡಾದಲ್ಲಿ ಪುಟ್ಟ ಮಕ್ಕಳಿಗೆ ಪಾಠ ಮಾಡುವ ಟೀಚರ್‌ಗಳಿಗೆ, ತಾವು ಯಾವತ್ತೂ ಕಲಿಸದ ದೊಡ್ಡ ತರಗತಿಯ ಮಕ್ಕಳ ಅಂಕ ಹಾಕಿದ್ದರು. ಅದೂ ಕೋರ್ಟಿಗೆ ಹೋಯಿತು. 2015ರಲ್ಲಿ ಮೇಲಿನ ಕೋರ್ಟ್ ಟೀಚರ್‌ಗಳ ವಿರುದ್ಧವೇ ತೀರ್ಪು ಕೊಟ್ಟಿತು. ನೀತಿ ಚೆನ್ನಾಗಿದೆ ಅಂತ ಅಲ್ಲ, ಸಂವಿಧಾನ ಮುರಿದಿಲ್ಲ ಅಂತ.

ಸಂಖ್ಯಾಶಾಸ್ತ್ರಜ್ಞರು ಇದರ ಬಗ್ಗೆ ಏನಂದರು ಅನ್ನುವುದನ್ನೂ ಹೇಳಿಬಿಡುತ್ತೇನೆ. ಅಮೆರಿಕನ್ ಸ್ಟಾಟಿಸ್ಟಿಕಲ್ ಅಸೋಸಿಯೇಷನ್ 2014ರ ಏಪ್ರಿಲ್‌ನಲ್ಲಿ ಒಂದು ಹೇಳಿಕೆ ಕೊಟ್ಟಿತು. ಹೆಚ್ಚಿನ ಅಧ್ಯಯನಗಳ ಪ್ರಕಾರ, ಮಕ್ಕಳ ಅಂಕಗಳ ನಡುವಿನ ಏರಿಳಿತದಲ್ಲಿ ಟೀಚರ್ ಪಾಲು ಸುಮಾರು ನೂರಕ್ಕೆ 1ರಿಂದ 14. ಇದನ್ನು ಓದಿ ಕೆಲವರು "ನೋಡಿ, ಟೀಚರ್‌ನಿಂದ ಏನೂ ಆಗುವುದಿಲ್ಲ" ಅಂದರು. ಅದು ತಪ್ಪು ಓದು. ಬಡತನ, ಮನೆ, ಹಿಂದಿನ ಕಲಿಕೆ ಇವೆಲ್ಲ ಸೇರಿ ಉಳಿದ ಪಾಲು ದೊಡ್ಡದು ಅಂದ ಮಾತ್ರಕ್ಕೆ ಟೀಚರ್ ಪಾಲು ಬೆಲೆಯಿಲ್ಲದ್ದಾಗುವುದಿಲ್ಲ, ಸ್ಕೂಲಿನ ಕೈಯಲ್ಲಿ ಇರುವುದೇ ಅದು. ಅಷ್ಟು ಚಿಕ್ಕ ದನಿಯನ್ನು ಅಷ್ಟು ದೊಡ್ಡ ಗದ್ದಲದ ನಡುವೆ, 22 ಮಕ್ಕಳ ಒಂದು ವರ್ಷದ ಅಂಕದಿಂದ ಹೆಕ್ಕಿ ತೆಗೆದು, ಒಬ್ಬರ ಕೆಲಸ ನಿರ್ಧರಿಸುವುದು ಬೇರೆ ಮಾತು. ಹ್ಯೂಸ್ಟನ್‌ನಲ್ಲಂತೂ ಆ ಲೆಕ್ಕ ಒಂದು ಖಾಸಗಿ ಕಂಪನಿಯ ಗುಟ್ಟು. ತಮ್ಮ ಅಂಕ ಹೇಗೆ ಬಂತು ಅಂತ ಟೀಚರ್‌ಗಳು ಪರೀಕ್ಷಿಸಿ ನೋಡುವ ಹಾಗೇ ಇರಲಿಲ್ಲ. 2017ರಲ್ಲಿ ಫೆಡರಲ್ ನ್ಯಾಯಾಧೀಶರು ಟೀಚರ್‌ಗಳ ಈ ದೂರಿನಲ್ಲಿ ಹುರುಳಿದೆ ಅಂದರು, ಆಮೇಲೆ ಡಿಸ್ಟ್ರಿಕ್ಟ್ ರಾಜಿಯಾಯಿತು.

ಇನ್ನೊಂದು ಬದಿಯನ್ನು ಮುಚ್ಚಿಡುವುದು ಸರಿಯಲ್ಲ. ವಾಷಿಂಗ್ಟನ್ ಡಿ.ಸಿ.ಯಲ್ಲಿ 2009ರಲ್ಲೇ 'ಇಂಪ್ಯಾಕ್ಟ್' ಅನ್ನುವ ಬಲು ಕಟ್ಟುನಿಟ್ಟಿನ ಪದ್ಧತಿ ಬಂತು. ಆಗ ವರ್ಷಕ್ಕೆ ಐದು ವೀಕ್ಷಣೆ, ಕೆಳಗಿನ ದರ್ಜೆ ಬಂದರೆ ಕೆಲಸ ಹೋಗುತ್ತಿತ್ತು, ಮೇಲಿನದು ಬಂದರೆ ದೊಡ್ಡ ಬೋನಸ್. ಥಾಮಸ್ ಡೀ ಮತ್ತು ಜೇಮ್ಸ್ ವೈಕಾಫ್ ಅದನ್ನು ಅಧ್ಯಯನ ಮಾಡಿದಾಗ, ಅಂಚಿನಲ್ಲಿ ಇದ್ದ ಟೀಚರ್‌ಗಳಲ್ಲಿ ಕೆಲವರು ಬಿಟ್ಟುಹೋದರು, ಉಳಿದವರು ನಿಜವಾಗಿ ಸುಧಾರಿಸಿದರು ಅಂತ ಕಂಡುಬಂತು. ನಾನು ಇದನ್ನು ನಂಬುತ್ತೇನೆ. ಅಲ್ಲೂ 2013ರಲ್ಲಿ ಲೆಕ್ಕದ ತಪ್ಪಿನಿಂದ 44 ಟೀಚರ್‌ಗಳಿಗೆ ತಪ್ಪು ಅಂಕ ಹೋಗಿ, ಒಬ್ಬರ ಕೆಲಸವೇ ಹೋಗಿತ್ತು. ಆದರೂ ಡಿ.ಸಿ.ಯಲ್ಲಿ ಫಲ ಕಂಡಿತು. ಗೇಟ್ಸ್ ಫೌಂಡೇಶನ್ ಬೆಂಬಲದಿಂದ ಮೂರು ಡಿಸ್ಟ್ರಿಕ್ಟ್‌ಗಳಲ್ಲೂ ಕೆಲವು ಚಾರ್ಟರ್ ಸ್ಕೂಲುಗಳಲ್ಲೂ (ಸರ್ಕಾರದ ದುಡ್ಡಿನಲ್ಲಿ ಸ್ವತಂತ್ರವಾಗಿ ನಡೆಯುವ ಶಾಲೆಗಳು) ಇದೇ ಥರದ ಕೆಲಸ ವರ್ಷಗಟ್ಟಲೆ ನಡೆಯಿತು. ಅದನ್ನು ಪರಿಶೀಲಿಸಿದ ರ‍್ಯಾಂಡ್ ಸಂಸ್ಥೆ 2018ರಲ್ಲಿ, ಮಕ್ಕಳ ಕಲಿಕೆ ಒಟ್ಟಾರೆ ಏರಲಿಲ್ಲ ಅಂತ ಬರೆಯಿತು. ಒಂದು ಊರಿನಲ್ಲಿ ನಡೆದದ್ದು ದೇಶದ ತುಂಬ ಆಜ್ಞೆ ಹೊರಡಿಸಿದರೆ ನಡೆಯುವುದಿಲ್ಲ.

ಹೊಸ ಮಾನದಂಡಕ್ಕೆ ಇದರಿಂದ ಆದ ಪೆಟ್ಟು ನನಗೆ ಹೆಚ್ಚು ನೋವು ಕೊಡುವ ವಿಷಯ. ಪರೀಕ್ಷೆ ಬರೀ ಪರೀಕ್ಷೆಯಾಗಿದ್ದಿದ್ದರೆ ಮೊದಲ ಎರಡು ವರ್ಷ ಅಂಕ ಬಿದ್ದಾಗ "ಸರಿ, ಹೊಸದು, ಕಲಿಯೋಣ" ಅನ್ನಬಹುದಿತ್ತು. ಟೀಚರ್ ಕೆಲಸ ಅದಕ್ಕೆ ಕಟ್ಟಿದ್ದರಿಂದ ತರಗತಿಯಲ್ಲಿ ಆ ಆತಂಕ ಇಳಿಯಿತು. ಮಕ್ಕಳಿಗೆ ರೇಖೆಯ ಮೇಲೆ ಯೋಚಿಸಲು ಸಮಯ ಕೊಡಬೇಕಾದ ಮಾರ್ಚ್ ತಿಂಗಳು ಪ್ರಾಕ್ಟೀಸ್ ಪೇಪರ್‌ಗಳ ತಿಂಗಳಾಯಿತು. ಮನೆಯವರು ಅದನ್ನು ಕಾಮನ್ ಕೋರ್ ಅಂದುಕೊಂಡರು. 2014ರಲ್ಲಿ ಇಂಡಿಯಾನಾ ಮಾನದಂಡದಿಂದಲೇ ಹೊರಬಂತು. ಅದೇ ವರ್ಷ ಗೇಟ್ಸ್ ಫೌಂಡೇಶನ್ ಕೂಡ ಈ ಅಂಕಗಳನ್ನು ಟೀಚರ್ ಮೌಲ್ಯಮಾಪನಕ್ಕೆ ಬಳಸುವುದನ್ನು ಎರಡು ವರ್ಷ ತಡೆಯಿರಿ ಅಂದಿತು, ಶಿಕ್ಷಣ ಕಾರ್ಯದರ್ಶಿ ಆರ್ನಿ ಡಂಕನ್ ರಾಜ್ಯಗಳಿಗೆ ಒಂದು ವರ್ಷ ಮುಂದೂಡಲು ಬಿಟ್ಟರು. ತಡವಾಗಿತ್ತು. 2015ರ ವಸಂತದಲ್ಲಿ ನ್ಯೂಯಾರ್ಕ್‌ನಲ್ಲಿ ಐದರಲ್ಲಿ ಒಂದು ಮಗು ಪರೀಕ್ಷೆಗೇ ಕೂರಲಿಲ್ಲ, ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳು. ಆ ಡಿಸೆಂಬರ್‌ನಲ್ಲಿ ಬಂದ ಹೊಸ ಫೆಡರಲ್ ಕಾನೂನು ಟೀಚರ್‌ಗಳನ್ನು ಹೇಗೆ ಅಳೆಯಬೇಕು ಅನ್ನುವುದನ್ನು ರಾಜ್ಯಗಳಿಗೇ ಬಿಟ್ಟಿತು. ಅದೇ ತಿಂಗಳು ನ್ಯೂಯಾರ್ಕ್ ಆ ಅಂಕಗಳನ್ನು ಟೀಚರ್ ಮೇಲೆ ಬಳಸುವುದನ್ನು ತಡೆಹಿಡಿಯಿತು. 2019ರಲ್ಲಿ, ಟೀಚರ್ ಮೌಲ್ಯಮಾಪನಕ್ಕೆ ರಾಜ್ಯ ಪರೀಕ್ಷೆಯ ಅಂಕ ಬಳಸಲೇಬೇಕು ಅನ್ನುವುದನ್ನೂ ಕಾನೂನಿನಿಂದ ತೆಗೆದರು.

ಹಾಗಾದರೆ ಅಳೆಯುವುದೇ ಬೇಡವಾ ಅಂತ ಕೇಳುತ್ತೀರಿ. ಬೇಕು. ಸಿನ್ಸಿನಾಟಿಯ ಕಥೆ ಕೇಳಿ. ಅಲ್ಲಿ 2000ದ ಹೊತ್ತಿಗೇ ಒಂದು ಪದ್ಧತಿ ಇತ್ತು. ಪ್ರತಿ ಟೀಚರ್‌ಗೆ ಕೆಲವು ವರ್ಷಕ್ಕೊಮ್ಮೆ ಸರದಿ. ಆ ವರ್ಷ ನಾಲ್ಕು ಸಲ ಬಂದು ನೋಡುತ್ತಿದ್ದರು, ಮೂರು ಸಲ ಬೇರೆ ಸ್ಕೂಲಿನ ಅನುಭವಿ ಟೀಚರ್, ಒಂದು ಸಲ ಪ್ರಿನ್ಸಿಪಾಲ್. ಅವರ ಕೈಯಲ್ಲಿ ಶಿಕ್ಷಣ ತಜ್ಞೆ ಷಾರ್ಲೆಟ್ ಡೇನಿಯಲ್ಸನ್ ರೂಪಿಸಿದ ಮಾದರಿಯ ಮೇಲೆ ಕಟ್ಟಿದ, ಒಳ್ಳೆಯ ಪಾಠದಲ್ಲಿ ಏನೇನು ಇರಬೇಕು ಅನ್ನುವ ಒಂದು ವಿವರವಾದ ಪಟ್ಟಿ. ನೋಡಿದ್ದನ್ನು ಬರೆದು ಕೊಟ್ಟು, ಕೂತು ಮಾತಾಡುತ್ತಿದ್ದರು. ಎರಿಕ್ ಟೇಲರ್ ಮತ್ತು ಜಾನ್ ಟೈಲರ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷಗಳಿಂದ ಪಾಠ ಮಾಡಿದ್ದ ಟೀಚರ್‌ಗಳೂ ಈ ಸರದಿಯ ನಂತರ ಗಣಿತವನ್ನು ಮೊದಲಿಗಿಂತ ಚೆನ್ನಾಗಿ ಕಲಿಸಿದರು ಅಂತ ಕಂಡಿತು, ಆ ಲಾಭ ಮುಂದಿನ ವರ್ಷಗಳಲ್ಲೂ ಉಳಿಯಿತು. ಇದಕ್ಕೂ ಮೊದಲು, 1981ರಿಂದಲೇ ಓಹಾಯೋದ ಟೊಲೀಡೋದಲ್ಲಿ ಟೀಚರ್ ಸಂಘವೇ ಮುಂದೆ ನಿಂತು ಹೊಸಬರನ್ನು ಹಿರಿಯ ಟೀಚರ್‌ಗಳ ಕೈಗೆ ಒಪ್ಪಿಸುವ ಪದ್ಧತಿ ತಂದಿತ್ತು. ಕೈಲಾಗದವರನ್ನು ಬಿಡಿಸುವ ಶಿಫಾರಸನ್ನೂ ಅವರೇ ಮಾಡುತ್ತಿದ್ದರು. ನೋಡುವವರಿಗೆ ಆ ಕೆಲಸ ಗೊತ್ತಿರಬೇಕು, ಸಾಕಷ್ಟು ಹೊತ್ತು ನೋಡಬೇಕು, ಆಮೇಲೆ ಮಾತಾಡಬೇಕು. ದುಬಾರಿ ನಿಜ. ಪಟ್ಟಿಯನ್ನಷ್ಟೇ ತೆಗೆದುಕೊಂಡು ಮಾತುಕತೆಯನ್ನು ಬಿಟ್ಟ ಡಿಸ್ಟ್ರಿಕ್ಟ್‌ಗಳು ಎಷ್ಟೋ. ನಮ್ಮ ಪ್ರಿನ್ಸಿಪಾಲ್ 30 ಟೀಚರ್‌ಗಳನ್ನು ನೋಡಬೇಕಿತ್ತು. ಅವರು ಪಾಪ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುವುದರಲ್ಲೇ ಇರುತ್ತಿದ್ದರು, ಮಕ್ಕಳ ಕಡೆ ಕಣ್ಣು ಎತ್ತಲೂ ಪುರುಸೊತ್ತಿರಲಿಲ್ಲ. 2016ರಲ್ಲಿ ಡೇನಿಯಲ್ಸನ್ ಅವರೇ ಟೀಚರ್ ಮೌಲ್ಯಮಾಪನವನ್ನು ಮತ್ತೆ ಮೊದಲಿನಿಂದ ಯೋಚಿಸಬೇಕು ಅಂತ ಬರೆದರು.

ಕೊನೆಗೆ ನನ್ನದೇ ಒಂದು ಪಾಠದ ವಿಷಯ ಹೇಳುತ್ತೇನೆ. 2014ರ ಚಳಿಗಾಲ. ಸಂಖ್ಯಾರೇಖೆಯ ಮೇಲೆ ನಾಲ್ಕನೇ ಮೂರನ್ನು ಗುರುತಿಸುವುದು. ಎರಡು ದಿನ ಹೇಳಿದೆ, ಮೂರನೇ ದಿನವೂ ಅರ್ಧ ತರಗತಿಗೆ ತಪ್ಪು. ಅಂಕಕ್ಕೆ ಸೇರುವ ವೀಕ್ಷಣೆಯ ದಿನವಾಗಿದ್ದರೆ ನಾನು ಆ ಪಾಠವನ್ನು ಮುಟ್ಟುತ್ತಲೇ ಇರಲಿಲ್ಲ, ಹಳೆಯ ಪಳಗಿದ ಪಾಠ ಹೊರತೆಗೆಯುತ್ತಿದ್ದೆ. ಅದು ಹಾಗಿರಲಿಲ್ಲ. ಮೊದಲು ಹೇಳಿದೆನಲ್ಲ, ಕಾರಿಡಾರಿನ ಕೊನೆಯ ಕೋಣೆಯ ಹಿರಿಯ ಟೀಚರ್, ಆಕೆಯನ್ನು "ನಿಮ್ಮ ಬಿಡುವಿನ ಪೀರಿಯಡ್‌ನಲ್ಲಿ ಬಂದು ಸ್ವಲ್ಪ ನೋಡುತ್ತೀರಾ" ಅಂತ ನಾನೇ ಕರೆದಿದ್ದೆ. ಆಕೆ ಬಂದರು. ನನ್ನ ಕಡೆ ನೋಡಲೇ ಇಲ್ಲ. ಕಿಟಕಿಯ ಪಕ್ಕದ ಹುಡುಗನ ಬಳಿ ಬಗ್ಗಿ ನಿಂತು ಅವನ ಪೆನ್ಸಿಲ್ ನೋಡುತ್ತಿದ್ದರು, ಹತ್ತು ನಿಮಿಷ.

ಪಾಠ ಮುಗಿದ ಮೇಲೆ ಒಂದು ಹಳದಿ ಚೀಟಿ ಕೊಟ್ಟರು. ಅದರಲ್ಲಿ ಒಂದು ರೇಖೆ, ಎರಡು ತುದಿಯಲ್ಲಿ 0 ಮತ್ತು 1, ನಡುವೆ ನಾಲ್ಕು ಗೀಟು. "ನೀವು ನಾಲ್ಕು ಭಾಗ ಮಾಡಿ ಅನ್ನುತ್ತೀರಿ. ಅವನು ನಾಲ್ಕು ಗೀಟು ಎಳೆಯುತ್ತಾನೆ. ಎಷ್ಟು ಭಾಗ ಆಯಿತು, ಎಣಿಸಿ" ಅಂದರು. ಎಣಿಸಿದೆ. ಐದು. ಮೂರು ದಿನದಿಂದ ಮಕ್ಕಳು ಗೀಟು ಎಣಿಸುತ್ತಿದ್ದರು, ನಾನು ಜಾಗ ಎಣಿಸುತ್ತಿದ್ದೆ.

ಮರುದಿನ ನಾನು ಪೆನ್ಸಿಲ್ ಕೊಡಲಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಉದ್ದ ಕಾಗದದ ಪಟ್ಟಿ ಕೊಟ್ಟು, ಅರ್ಧಕ್ಕೆ ಮಡಚಿ, ಇನ್ನೊಮ್ಮೆ ಮಡಚಿ, ಬಿಚ್ಚಿ ಅಂದೆ. ಆ ಹುಡುಗ ಬಿಚ್ಚಿ ನೋಡಿದ, ಮಡಿಕೆಗಳ ಮೇಲೆ ಬೆರಳು ಇಟ್ಟು ಎಣಿಸಿದ, ಮತ್ತೆ ಎಣಿಸಿದ. "ಮೂರೇ ಗೀಟು!" ಅಂತ ಕೂಗಿಬಿಟ್ಟ.